ದೇಶ ಸುತ್ತು, ಕೋಶ ಓದು: ಟ್ಯೂಬಿಂಗೆನ್ ನಗರದಲ್ಲಿ ವಿದ್ಯಾರ್ಥಿಯ ದಿನಚರಿ, ವಿಹಾರ ಮತ್ತು ಆರೋಗ್ಯ

'ದೇಶ ಸುತ್ತು, ಕೋಶ ಓದು' ಎಂಬುದು ನಮ್ಮ ಹಿರಿಯರ ಮಾತು. ಹೊರದೇಶಕ್ಕೆ ವ್ಯಾಸಂಗಕ್ಕೆಂದು ತೆರಳುವ ವಿದ್ಯಾರ್ಥಿಗೆ ಈ ಎರಡು ಅವಕಾಶಗಳೂ ಏಕಕಾಲದಲ್ಲಿ ಒದಗಿ ಬರುತ್ತವೆ. ಆದರೆ ವಿಮಾನ ನಿಲ್ದಾಣದಲ್ಲಿ ಬೀಳ್ಕೊಡುವ ತಂದೆತಾಯಿಗಳು ಒತ್ತಿ ಹೇಳುವುದು ಎರಡನೆಯದನ್ನು ಮಾತ್ರ. "ಓದಿನ ಕಡೆ ಗಮನವಿರಲಿ, ತಿರುಗಾಟ ಬೇಡ" ಎಂಬ ಉಪದೇಶ ಬಹುತೇಕ ಎಲ್ಲ ಮನೆಗಳಲ್ಲಿಯೂ ಕೇಳಿಬರುತ್ತದೆ. ಸಾಲ ಮಾಡಿ, ಒಡವೆ ಅಡವಿಟ್ಟು ಮಕ್ಕಳನ್ನು ಕಳುಹಿಸುವವರ ಬಾಯಿಂದ ಈ ಮಾತು ಬರುವುದು ಸಹಜವೇ. ಆದರೂ ಪರಸ್ಥಳದ ಚಳಿ, ಕತ್ತಲೆ ಮತ್ತು ಒಂಟಿತನಗಳ ನಡುವೆ ವಾರಕ್ಕೊಮ್ಮೆ ಕೋಣೆಯಿಂದ ಹೊರಬಿದ್ದು ನಡೆದು ಬರುವುದು ಆಡಂಬರವಲ್ಲ. ಊಟ ನಿದ್ರೆಗಳಂತೆ ಅದೂ ಆರೋಗ್ಯದ ಒಂದು ಅಂಗ. ಇದನ್ನು ಜರ್ಮನಿಯ ಒಂದು ಚಿಕ್ಕ ಊರಿನ ನಿದರ್ಶನದಿಂದ ವಿವರಿಸುವುದೇ ಈ ಲೇಖನದ ಉದ್ದೇಶ.

ಕನ್ನಡಿಗರಿಗೆ ಅಪರಿಚಿತವಲ್ಲದ ಊರು

ಆ ಊರು ಟ್ಯೂಬಿಂಗೆನ್. ಜರ್ಮನಿಯ ನೈಋತ್ಯ ಭಾಗದಲ್ಲಿರುವ ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯದಲ್ಲಿ, ಸ್ಟುಟ್‌ಗಾರ್ಟ್ ನಗರದಿಂದ ಸುಮಾರು 40 ಕಿಲೋಮೀಟರ್ ದಕ್ಷಿಣಕ್ಕೆ, ನೆಕ್ಕಾರ್ ನದಿಯ ದಡದಲ್ಲಿದೆ. ಇಲ್ಲಿಯ ವಿಶ್ವವಿದ್ಯಾನಿಲಯ ಸ್ಥಾಪನೆಯಾದುದು 1477ರಲ್ಲಿ. ಸುಮಾರು 90 ಸಾವಿರ ಜನರಿರುವ ಈ ಊರಿನಲ್ಲಿ ಹೆಚ್ಚುಕಡಿಮೆ ಮೂವರಲ್ಲಿ ಒಬ್ಬರು ವಿದ್ಯಾರ್ಥಿಗಳು ಎನ್ನಬಹುದು. ಖಗೋಳ ವಿಜ್ಞಾನಿ ಕೆಪ್ಲರ್, ತತ್ತ್ವಜ್ಞಾನಿ ಹೆಗೆಲ್ ಇಲ್ಲಿ ಓದಿದವರು.

ಕನ್ನಡಿಗರ ಪಾಲಿಗೆ ಇದಕ್ಕಿಂತ ಹತ್ತಿರದ ಸಂಬಂಧವೊಂದಿದೆ. 1843ರಲ್ಲಿ 'ಮಂಗಳೂರ ಸಮಾಚಾರ'ವನ್ನು ಆರಂಭಿಸಿದ ಹರ್ಮನ್ ಮೋಗ್ಲಿಂಗ್ ದೇವತಾಶಾಸ್ತ್ರ ಓದಿದುದು ಇದೇ ವಿದ್ಯಾಪೀಠದಲ್ಲಿ. ಕನ್ನಡ ಸಾಹಿತ್ಯಕ್ಕೆ ಸಲ್ಲಿಸಿದ ಸೇವೆಗಾಗಿ 1858ರಲ್ಲಿ ಅವರಿಗೆ ಇಲ್ಲಿಂದ ಗೌರವ ಡಾಕ್ಟರೇಟ್ ದೊರೆಯಿತು. 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ ಕನ್ನಡ-ಇಂಗ್ಲಿಷ್ ನಿಘಂಟಿನ ಕರ್ತೃ ಫರ್ಡಿನೆಂಡ್ ಕಿಟ್ಟೆಲ್ ಅವರನ್ನು ಇದೇ ವಿಶ್ವವಿದ್ಯಾನಿಲಯ 1896ರಲ್ಲಿ ಡಾಕ್ಟರೇಟ್ ನೀಡಿ ಗೌರವಿಸಿತು. 1903ರಲ್ಲಿ ಅವರು ಕೊನೆಯುಸಿರೆಳೆದುದೂ ಈ ಊರಿನಲ್ಲಿಯೇ. ಕೋಶ ಓದಲು ಹೊರಟ ಕನ್ನಡ ವಿದ್ಯಾರ್ಥಿ ಕನ್ನಡ ಕೋಶ ಬರೆದವರ ಊರಿಗೇ ಹೋಗಿ ಸೇರಿದಂತಾಯಿತು. ಮುಂಬಯಿಯ ವಾಚಕರಿಗೆ ಇನ್ನೊಂದು ಸಂಗತಿಯನ್ನೂ ತಿಳಿಸಬೇಕು: ನೆರೆಯ ಸ್ಟುಟ್‌ಗಾರ್ಟ್ ನಗರ 1968ರಿಂದಲೂ ಮುಂಬಯಿಯ ಸೋದರ ನಗರವಾಗಿದೆ.

ಬೊಕ್ಕಸದ ಲೆಕ್ಕ

ಕೋಶವೆಂದರೆ ಬೊಕ್ಕಸವೂ ಹೌದು. ಆದ್ದರಿಂದ ಮೊದಲು ಹಣದ ವಿಚಾರ. ಜರ್ಮನಿಗೆ ವಿದ್ಯಾರ್ಥಿ ವೀಸಾ ಬೇಡುವವರು ಸಾಮಾನ್ಯವಾಗಿ ಒಂದು ವರ್ಷದ ಜೀವನೋಪಾಯದ ಹಣವನ್ನು ಮುಂಗಡವಾಗಿ ಒಂದು ವಿಶೇಷ ಖಾತೆಯಲ್ಲಿ ಇಡಬೇಕಾಗುತ್ತದೆ. ಇದನ್ನು ನಿರ್ಬಂಧಿತ ಖಾತೆ ಎನ್ನಬಹುದು. 2024ರ ಸೆಪ್ಟೆಂಬರ್‌ನಲ್ಲಿ ಈ ಮೊತ್ತವನ್ನು 11,904 ಯೂರೋಗಳಿಗೆ ಏರಿಸಲಾಯಿತು. ಖಾತೆದಾರನಾದರೂ ಇದನ್ನು ಒಮ್ಮೆಗೇ ತೆಗೆಯುವಂತಿಲ್ಲ. ತಿಂಗಳಿಗೆ 992 ಯೂರೋಗಳಂತೆ ಮಾತ್ರ ಕೈಗೆ ಬರುತ್ತದೆ. ಹುಡುಗ ಮೊದಲ ತಿಂಗಳಲ್ಲಿಯೇ ಹಣ ಕರಗಿಸದಂತೆ ತಡೆಯುವ ಒಳ್ಳೆಯ ಏರ್ಪಾಡು ಇದು.

ಜರ್ಮನಿಯ ಸರಕಾರಿ ವಿಶ್ವವಿದ್ಯಾನಿಲಯಗಳಲ್ಲಿ ಬೋಧನಾ ಶುಲ್ಕವೇ ಇಲ್ಲವೆಂಬ ನಂಬಿಕೆ ನಮ್ಮಲ್ಲಿ ವ್ಯಾಪಕವಾಗಿದೆ. ಬಹುತೇಕ ಕಡೆ ಅದು ನಿಜ. ಆದರೆ ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯ 2017ರ ಚಳಿಗಾಲದ ಸೆಮಿಸ್ಟರಿನಿಂದ ಯುರೋಪಿಯನ್ ಒಕ್ಕೂಟದ ಹೊರಗಿನ ವಿದ್ಯಾರ್ಥಿಗಳಿಗೆ ಸೆಮಿಸ್ಟರ್ ಒಂದಕ್ಕೆ 1,500 ಯೂರೋ ಶುಲ್ಕ ವಿಧಿಸಿತು. ಎಂದರೆ ವರ್ಷದ ವೆಚ್ಚ 14,904 ಯೂರೋಗಳಾಗುತ್ತದೆ. ಇದನ್ನು ಮೊದಲೇ ಅರಿಯದೆ ಹೋದವರು ಮಧ್ಯದಲ್ಲಿ ಪರದಾಡಬೇಕಾದೀತು.

ತಿಂಗಳ 992 ಯೂರೋಗಳಲ್ಲಿ ವಿದ್ಯಾರ್ಥಿ ನಿಲಯದ ಕೋಣೆಗೆ 380, ಆರೋಗ್ಯ ವಿಮೆಗೆ 145, ಊಟೋಪಚಾರಕ್ಕೆ 220, ಪ್ರಯಾಣದ ಪಾಸಿಗೆ 45 ಎಂದು ಅಂದಾಜು ಮಾಡಿದರೆ ಒಟ್ಟು 790 ಆಗುತ್ತದೆ. ಉಳಿದ 202ರಲ್ಲಿ ದೂರವಾಣಿ, ಪುಸ್ತಕ, ಬಟ್ಟೆಬರೆ, ಸೆಮಿಸ್ಟರಿನ ವಂತಿಗೆ ಎಲ್ಲವೂ ನಡೆಯಬೇಕು. ಇಂಥ ಬಿಗಿಯಾದ ಆಯವ್ಯಯದಲ್ಲಿ ಮೊದಲು ಕತ್ತರಿ ಬೀಳುವುದು ವಾರಾಂತ್ಯದ ವಿಹಾರಕ್ಕೆ, ಆನಂತರ ಊಟಕ್ಕೆ. ಹೊಸದಾಗಿ ಹೋದವರಿಗೆಲ್ಲ ಯೂರೋವನ್ನು ನೂರರಿಂದ ಗುಣಿಸುವ ಅಭ್ಯಾಸವೊಂದು ಅಂಟಿಕೊಳ್ಳುತ್ತದೆ. ಮೂರು ಯೂರೋ ಕಾಫಿಯ ಮುಂದೆ ನಿಂತಾಗ ಮುನ್ನೂರು ರೂಪಾಯಿ ಕಣ್ಣೆದುರು ಕುಣಿಯುತ್ತದೆ. ಕಾಫಿಯನ್ನು ಬಿಡಬಹುದು, ಚಿಂತೆಯಿಲ್ಲ. ಮಧ್ಯಾಹ್ನದ ಊಟವನ್ನೇ ಬಿಡತೊಡಗಿದರೆ ಅದು ಉಳಿತಾಯವಲ್ಲ.

2024ರ ಮಾರ್ಚ್‌ನಲ್ಲಿ ಜಾರಿಗೆ ಬಂದ ನಿಯಮದಂತೆ ಅಲ್ಲಿ ಪರದೇಶದ ವಿದ್ಯಾರ್ಥಿ ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ ದುಡಿಯಬಹುದು. ಕಾನೂನು ಒಪ್ಪಿತೆಂದು ದೇಹ ಒಪ್ಪಬೇಕಲ್ಲ! ಕಾಯಿಲೆಯಿಂದಲೋ ಮನಸ್ಸಿನ ಕುಗ್ಗುವಿಕೆಯಿಂದಲೋ ಒಂದು ಸೆಮಿಸ್ಟರ್ ವ್ಯರ್ಥವಾದರೆ ಆರು ತಿಂಗಳ ಜೀವನ ವೆಚ್ಚ 5,952 ಮತ್ತು ಶುಲ್ಕ 1,500 ಸೇರಿ 7,452 ಯೂರೋಗಳ ಹೊರೆ ಬೀಳುತ್ತದೆ. ಅದೇ ವಿಹಾರಕ್ಕೆಂದು ತಿಂಗಳಿಗೆ 40 ಯೂರೋ ತೆಗೆದಿಟ್ಟರೂ ಎರಡು ವರ್ಷಕ್ಕೆ ಆಗುವುದು 960 ಮಾತ್ರ. ಯಾವುದು ದುಂದು, ಯಾವುದು ಮಿತವ್ಯಯ ಎಂಬುದನ್ನು ಈ ಎರಡು ಅಂಕಿಗಳೇ ಹೇಳುತ್ತವೆ.

ದಿನಚರಿ ಮತ್ತು ಊಟ

ಅಲ್ಲಿಯ ವಿದ್ಯಾರ್ಥಿಯ ದಿನ ಗಡಿಯಾರಕ್ಕೆ ಕಟ್ಟುಬಿದ್ದದ್ದು. ಹತ್ತು ಗಂಟೆಗೆ ಎಂದು ಪ್ರಕಟಿಸಿದ ಪಾಠ ಹಳೆಯ ಸಂಪ್ರದಾಯದಂತೆ ಹತ್ತೂಕಾಲಿಗೆ ಆರಂಭವಾಗುವುದುಂಟು. ಆದರೆ ಹತ್ತೂಕಾಲು ಎಂದರೆ ಹತ್ತೂಕಾಲೇ. ಹೊಸ ಮನೆ ಸೇರಿದ ಎರಡು ವಾರಗಳೊಳಗೆ ವಿಳಾಸವನ್ನು ಪೌರ ಕಚೇರಿಯಲ್ಲಿ ನೋಂದಾಯಿಸಬೇಕು. ಕಸವನ್ನು ಕಾಗದ, ಜೈವಿಕ, ಪ್ಲಾಸ್ಟಿಕ್, ಗಾಜು ಎಂದು ವಿಂಗಡಿಸಬೇಕು. ಖಾಲಿ ಡಬ್ಬಿ ಮತ್ತು ಒಮ್ಮೆ ಬಳಸುವ ಬಾಟಲಿಗಳಿಗೆ ತಲಾ 25 ಸೆಂಟ್ ಠೇವಣಿಯಿರುವುದರಿಂದ ಅವನ್ನು ಅಂಗಡಿಗೆ ಮರಳಿಸಿ ಹಣ ಪಡೆಯುವುದು ವಿದ್ಯಾರ್ಥಿಗಳೆಲ್ಲರೂ ಬೇಗನೆ ಕಲಿಯುವ ಮೊದಲ ವಾಣಿಜ್ಯ ಪಾಠ.

ಮಧ್ಯಾಹ್ನದ ಊಟಕ್ಕೆ 'ಮೆನ್ಸಾ' ಎಂಬ ಭೋಜನಶಾಲೆಯಿದೆ. ವಿದ್ಯಾರ್ಥಿಗಳಿಗೆ ರಿಯಾಯಿತಿ ದರದಲ್ಲಿ ಬಿಸಿ ಊಟ ಸಿಗುತ್ತದೆ. ಸಸ್ಯಾಹಾರಿಗಳಿಗೂ ತಕ್ಕ ವ್ಯವಸ್ಥೆ ಇರುತ್ತದೆ. ಆ ಪ್ರಾಂತದ 'ಸ್ಪೆಟ್ಸ್ಲೆ' ಎಂಬ ಹಿಟ್ಟಿನ ಖಾದ್ಯವನ್ನು ಬೇಯಿಸಿದ ಬೇಳೆಯೊಡನೆ ತಿನ್ನುವ ವಾಡಿಕೆಯಿದೆ. ಅದರೊಡನೆ ಸಾಮಾನ್ಯವಾಗಿ ಮಾಂಸದ ತುಂಡು ಇರುವುದರಿಂದ ಸಸ್ಯಾಹಾರಿಗಳು ವಿಚಾರಿಸಿಯೇ ತೆಗೆದುಕೊಳ್ಳಬೇಕು. ಟ್ಯೂಬಿಂಗೆನ್ ನಗರಸಭೆ 2022ರ ಜನವರಿಯಿಂದ ಬಿಸಾಡುವ ಲೋಟ ಮತ್ತು ಪೊಟ್ಟಣಗಳಿಗೆ ತಲಾ 50 ಸೆಂಟ್ ತೆರಿಗೆ ಹಾಕಿತು. ದೇಶದ ಸಂವಿಧಾನ ನ್ಯಾಯಾಲಯವೂ 2025ರ ಜನವರಿಯಲ್ಲಿ ಪ್ರಕಟವಾದ ತೀರ್ಪಿನಲ್ಲಿ ಅದನ್ನು ಎತ್ತಿಹಿಡಿಯಿತು. ಹೀಗಾಗಿ ಸ್ವಂತ ಡಬ್ಬಿ ಕೊಂಡೊಯ್ಯುವುದೇ ಲಾಭ. ಮುಂಬಯಿಯ ಡಬ್ಬಾ ನೋಡಿ ಬೆಳೆದವರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ.

ರಾತ್ರಿಯ ಅಡುಗೆ ವಿದ್ಯಾರ್ಥಿ ನಿಲಯದ ಸಾಮೂಹಿಕ ಅಡುಗೆಮನೆಯಲ್ಲಿ. ಒಣಮೆಣಸಿನಕಾಯಿ, ಸಾಸಿವೆ, ಇಂಗು ಹಾಕಿ ಜೋರಾಗಿ ಒಗ್ಗರಣೆ ಕೊಟ್ಟರೆ ಛಾವಣಿಯಲ್ಲಿರುವ ಹೊಗೆ ಸೂಚಕ ಕೂಗಿಕೊಳ್ಳುತ್ತದೆ. ಮಹಡಿಯವರೆಲ್ಲ ಓಡಿ ಬರುತ್ತಾರೆ. ಕಿಟಕಿ ತೆರೆದು, ಸಣ್ಣ ಉರಿಯಲ್ಲಿ ಒಗ್ಗರಣೆ ಹಾಕುವುದನ್ನು ತಾಯಂದಿರು ಮೊದಲೇ ಕಲಿಸಿ ಕಳುಹಿಸುವುದು ಒಳ್ಳೆಯದು. ಸಸ್ಯಾಹಾರಿಗಳು ಹಾಲು ಮೊಸರನ್ನು ಬಿಡಬಾರದು. ಬಿ-12 ಜೀವಸತ್ತ್ವ ಅವರಿಗೆ ದೊರೆಯುವುದು ಮುಖ್ಯವಾಗಿ ಅದರಿಂದಲೇ. ಕುಡಿಯಲು ನಲ್ಲಿಯ ನೀರು ನಿರಪಾಯಕರ. ಬಾಟಲಿ ನೀರಿಗೆ ಹಣ ತೆರಬೇಕಾಗಿಲ್ಲ.

ಭಾನುವಾರದ ಮೌನ

ಜರ್ಮನಿಯಲ್ಲಿ ಭಾನುವಾರ ಬಹುತೇಕ ಎಲ್ಲ ಅಂಗಡಿಗಳೂ ಮುಚ್ಚಿರುತ್ತವೆ. ಇದು ಬರಿಯ ರೂಢಿಯಲ್ಲ. 1919ರ ವೈಮಾರ್ ಸಂವಿಧಾನದಲ್ಲಿ ಭಾನುವಾರವನ್ನು ವಿಶ್ರಾಂತಿಯ ದಿನವೆಂದು ರಕ್ಷಿಸುವ ವಿಧಿಯೊಂದಿತ್ತು. 1949ರ ಸಂವಿಧಾನ ಅದನ್ನು ಹಾಗೆಯೇ ಉಳಿಸಿಕೊಂಡಿತು. ಭಾನುವಾರ ಗೋಡೆಗೆ ಮೊಳೆ ಹೊಡೆಯುವುದಾಗಲಿ, ಗಾಜಿನ ಬಾಟಲಿಗಳನ್ನು ಬೀದಿಯ ತೊಟ್ಟಿಗೆ ಎಸೆಯುವುದಾಗಲಿ ಸಲ್ಲದು. ಮುಂಬಯಿಯ ಗದ್ದಲದಲ್ಲಿ ಹುಟ್ಟಿ ಬೆಳೆದವರಿಗೆ ಮೊದಲ ಭಾನುವಾರ ಊರೇ ಬರಿದಾದಂತೆ ತೋರುತ್ತದೆ. ಶನಿವಾರ ದಿನಸಿ ತರಲು ಮರೆತವರಂತೂ ಒಣ ರೊಟ್ಟಿ ಕಚ್ಚಿಕೊಂಡು ದಿನ ಕಳೆಯಬೇಕಾದೀತು.

ಒಂಟಿತನ ಬಾಧಿಸುವುದು ವಿಶೇಷವಾಗಿ ಈ ದಿನ. ವಾರವಿಡೀ ಪಾಠ, ಗ್ರಂಥಾಲಯ, ಕೆಲಸ ಎಂದು ಓಡಾಡಿದ ಮನಸ್ಸು ಭಾನುವಾರ ಮಧ್ಯಾಹ್ನ ಒಮ್ಮೆಲೇ ಮನೆಯ ಕಡೆ ತಿರುಗುತ್ತದೆ. ಹಾಸಿಗೆಯಲ್ಲಿ ಮಲಗಿ ಫೋನಿನ ಪರದೆ ನೋಡುತ್ತಾ ಸಂಜೆ ಮಾಡಿದರೆ ಆ ಭಾರ ಇಳಿಯದು, ಹೆಚ್ಚುತ್ತದೆ. ಆ ದೇಶದವರು ಇದಕ್ಕೆ ಕಂಡುಕೊಂಡ ಪರಿಹಾರ ಸರಳವಾದುದು: ಅವರು ನಡೆಯಲು ಹೊರಡುತ್ತಾರೆ. ಅಜ್ಜ ಅಜ್ಜಿಯರಿಂದ ಮೊದಲ್ಗೊಂಡು ಕೂಸುಗಳವರೆಗೆ ಮನೆಮಂದಿಯೆಲ್ಲ ಭಾನುವಾರ ಕಾಡುದಾರಿಗಳಲ್ಲಿ ಕಾಣಸಿಗುತ್ತಾರೆ.

ವಾರಾಂತ್ಯದ ವಿಹಾರ

ಟ್ಯೂಬಿಂಗೆನ್‌ನಿಂದ ಉತ್ತರಕ್ಕೆ ಐದಾರು ಕಿಲೋಮೀಟರ್ ನಡೆದರೆ ಬೆಬೆನ್‌ಹೌಸೆನ್ ಎಂಬ ಹಳ್ಳಿ. ಅಲ್ಲಿ ಹನ್ನೆರಡನೆಯ ಶತಮಾನದ ಕೊನೆಯಲ್ಲಿ ಸ್ಥಾಪಿತವಾದ ಕ್ರೈಸ್ತ ಸಂನ್ಯಾಸಿಗಳ ಮಠವಿದೆ. ಮುಂದೆ ಅದರ ಒಂದು ಭಾಗ ವ್ಯುರ್ಟೆಂಬರ್ಗ್ ಅರಸರ ಬೇಟೆಯ ಅರಮನೆಯಾಯಿತು. ಸುತ್ತಲೂ ಷೋನ್‌ಬುಖ್ ಅರಣ್ಯ. 1972ರಲ್ಲಿ ಇದನ್ನು ಆ ರಾಜ್ಯದ ಮೊದಲ ನಿಸರ್ಗೋದ್ಯಾನವೆಂದು ಘೋಷಿಸಲಾಯಿತು. ಹೋಗಿಬರಲು ಸುಮಾರು ಮೂರು ಗಂಟೆ ನಡಿಗೆ. ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷಗಳ ಮಧ್ಯಮ ವ್ಯಾಯಾಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಈ ಒಂದು ನಡಿಗೆಯಲ್ಲಿಯೇ ಅದು ಪೂರೈಸುತ್ತದೆ. ಖರ್ಚಾಗುವುದು ಬುತ್ತಿಯ ಚಿತ್ರಾನ್ನ ಮಾತ್ರ.

ಇನ್ನಷ್ಟು ದೂರ ಹೋಗುವವರಿಗೆ ರೈಲಿದೆ. 2023ರ ಮೇ 1ರಂದು ತಿಂಗಳಿಗೆ 49 ಯೂರೋ ದರದಲ್ಲಿ ಇಡೀ ಜರ್ಮನಿಗೆ ಅನ್ವಯಿಸುವ ಟಿಕೆಟ್ಟೊಂದು ಬಳಕೆಗೆ ಬಂತು. 2025ರಲ್ಲಿ ಅದರ ದರ 58ಕ್ಕೂ, 2026ರ ಜನವರಿಯಲ್ಲಿ 63ಕ್ಕೂ ಏರಿತು. ಎಳೆಯ ವಯಸ್ಸಿನ ವಿದ್ಯಾರ್ಥಿಗಳಿಗೆ ರಿಯಾಯಿತಿಯ ಏರ್ಪಾಡುಗಳಿರುವುದರಿಂದ ಊರು ಸೇರಿದೊಡನೆ ವಿಚಾರಿಸುವುದು ಲೇಸು. ವೇಗದ ರೈಲುಗಳನ್ನು ಬಿಟ್ಟು ಪ್ರಾಂತೀಯ ರೈಲು, ನಗರ ಬಸ್ಸು, ಟ್ರಾಮುಗಳಲ್ಲೆಲ್ಲ ಇದು ಸಲ್ಲುತ್ತದೆ. ಅದನ್ನು ಹಿಡಿದು ಹೆಕಿಂಗೆನ್‌ಗೆ ಹೋದರೆ 855 ಮೀಟರ್ ಎತ್ತರದ ಗುಡ್ಡದ ಮೇಲೆ ಹೊಹೆನ್‌ತ್ಸೊಲರ್ನ್ ಕೋಟೆ. ಈಗಿನ ಕಟ್ಟಡ ಹತ್ತೊಂಬತ್ತನೆಯ ಶತಮಾನದ್ದು. ಬಾಡ್ ಉರಾಖ್ ಕಡೆಗೆ ಹೋದರೆ 37 ಮೀಟರ್ ಧುಮುಕುವ ಜಲಪಾತ. ಜೋಗವನ್ನು ಕಂಡವರಿಗೆ ಅದು ಚಿಕ್ಕದೆನಿಸೀತು. ಆದರೆ ಬೀಚ್ ಮರಗಳ ನಡುವೆ ಅಲ್ಲಿಗೆ ಏರುವ ದಾರಿ ಸೊಗಸಾದುದು.

ಬೇಸಗೆಯಲ್ಲಿ ಊರಿನೊಳಗೇ ವಿನೋದವಿದೆ. ನೆಕ್ಕಾರ್ ನದಿಯಲ್ಲಿ ಉದ್ದನೆಯ ಗಳುವಿನಿಂದ ತಳ ಒತ್ತಿ ನಡೆಸುವ ದೋಣಿಗಳ ಪಂದ್ಯ ಪ್ರತಿವರ್ಷ ಮೇ ಅಥವಾ ಜೂನ್ ತಿಂಗಳ ಒಂದು ಹಬ್ಬದ ಗುರುವಾರ ನಡೆಯುತ್ತದೆ. ಕೊನೆಯವರಾಗಿ ಬಂದ ತಂಡದವರು ಎಲ್ಲರೆದುರು ತಲಾ ಅರ್ಧ ಲೀಟರ್ ಮೀನೆಣ್ಣೆ ಕುಡಿಯಬೇಕೆಂಬುದು ಪದ್ಧತಿ! ನೋಡುವವರಿಗೆ ನಗು, ಕುಡಿಯುವವರಿಗೆ ಸಂಕಟ.

ಉಣುಗಿನ ಎಚ್ಚರ

ಕಾಡಿನ ನಡಿಗೆಗೆ ಹೊರಡುವವರು ತಿಳಿದಿರಬೇಕಾದ ಅಪಾಯವೊಂದಿದೆ. ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಪತ್ತೆಯಾದ ಮಂಗನ ಕಾಯಿಲೆಯ ಹೆಸರನ್ನು ಕನ್ನಡಿಗರೆಲ್ಲ ಕೇಳಿರುತ್ತಾರೆ. ಅದು ಉಣುಗಿನ ಕಡಿತದಿಂದ ಹರಡುತ್ತದೆ. ಅದೇ ವೈರಸ್ ಕುಟುಂಬಕ್ಕೆ ಸೇರಿದ, ಉಣುಗಿನಿಂದಲೇ ಬರುವ ಮಿದುಳಿನ ಉರಿಯೂತ ಜರ್ಮನಿಯ ದಕ್ಷಿಣ ಭಾಗದಲ್ಲಿದೆ. ಬಾಡೆನ್-ವ್ಯುರ್ಟೆಂಬರ್ಗ್‌ನ ಬಹುತೇಕ ಎಲ್ಲ ಜಿಲ್ಲೆಗಳೂ ಇದರ ಅಪಾಯ ವಲಯದಲ್ಲಿವೆ. ರೋಗ ತಗಲಿದ ಮೇಲೆ ಗುಣಪಡಿಸುವ ನಿರ್ದಿಷ್ಟ ಔಷಧವಿಲ್ಲ, ತಡೆಯಲು ಲಸಿಕೆಯಿದೆ. ಮೂರು ಬಾರಿ ಚುಚ್ಚಿಸಿಕೊಳ್ಳಬೇಕಾಗುವುದರಿಂದ ಚಳಿಗಾಲದಲ್ಲಿಯೇ ಆರಂಭಿಸುವುದು ಸೂಕ್ತ. ಅಪಾಯ ವಲಯದಲ್ಲಿ ವಾಸಿಸುವವರಿಗೆ ಸಾರ್ವಜನಿಕ ವಿಮೆಯೇ ಇದರ ವೆಚ್ಚ ಭರಿಸುತ್ತದೆ.

ಉಣುಗು ಹರಡುವ ಇನ್ನೊಂದು ರೋಗ ಲೈಮ್. ಇದು ಸೂಕ್ಷ್ಮಾಣುವಿನಿಂದ ಬರುವಂಥದು. ಕಚ್ಚಿದ ಕೆಲವು ದಿನ ಅಥವಾ ವಾರಗಳ ಮೇಲೆ ಆ ಜಾಗದ ಸುತ್ತ ಕೆಂಪು ಮಚ್ಚೆ ಉಂಗುರದಂತೆ ಹರಡಿದರೆ ತಡಮಾಡದೆ ವೈದ್ಯರನ್ನು ಕಾಣಬೇಕು. ಸಕಾಲದಲ್ಲಿ ಪ್ರತಿಜೀವಕ ಔಷಧ ಕೊಟ್ಟರೆ ವಾಸಿಯಾಗುತ್ತದೆ. ಮುಂಜಾಗ್ರತೆ ಕಠಿನವಲ್ಲ. ತುಂಬುತೋಳಿನ ಅಂಗಿ ಧರಿಸಿ, ಷರಾಯಿಯ ತುದಿಯನ್ನು ಕಾಲುಚೀಲದೊಳಗೆ ಸೇರಿಸಬೇಕು. ಮರಳಿದ ಮೇಲೆ ಮೊಣಕಾಲಿನ ಹಿಂಭಾಗ, ತೊಡೆಸಂದು, ಕಂಕುಳು, ಕೂದಲಿನ ಅಂಚುಗಳನ್ನು ಪರೀಕ್ಷಿಸಬೇಕು. ಉಣುಗು ಕಂಡರೆ ಚಿಮುಟದಿಂದ ಚರ್ಮಕ್ಕೆ ತೀರ ಸಮೀಪದಲ್ಲಿ ಹಿಡಿದು ನಿಧಾನವಾಗಿ ನೇರಕ್ಕೆ ಎಳೆದು ತೆಗೆಯಬೇಕು. ಎಣ್ಣೆ ಸವರುವುದು, ಬೆಂಕಿ ಸೋಕಿಸುವುದು ಕೂಡದು.

ಕತ್ತಲ ತಿಂಗಳುಗಳು

ಡಿಸೆಂಬರಿನಲ್ಲಿ ಟ್ಯೂಬಿಂಗೆನ್‌ನಲ್ಲಿ ಸೂರ್ಯ ಉದಯಿಸುವುದು ಎಂಟು ಗಂಟೆ ದಾಟಿದ ಮೇಲೆ. ಸಂಜೆ ನಾಲ್ಕೂವರೆಗೆ ಕತ್ತಲು ಕವಿಯುತ್ತದೆ. ಹಲವು ದಿನ ಸೂರ್ಯನ ಮುಖವೇ ಕಾಣದು. ಚರ್ಮ ತಯಾರಿಸಿಕೊಳ್ಳಬೇಕಾದ ಡಿ ಜೀವಸತ್ತ್ವಕ್ಕೆ ಅಕ್ಟೋಬರಿನಿಂದ ಮಾರ್ಚಿಯವರೆಗೆ ಅಲ್ಲಿಯ ಬಿಸಿಲು ಸಾಲದು. ನಮ್ಮಂಥ ಕಂದು ಮೈಬಣ್ಣದವರಿಗೆ ಬೇಸಗೆಯಲ್ಲಿಯೂ ಹೆಚ್ಚು ಹೊತ್ತಿನ ಬಿಸಿಲು ಬೇಕು. ಬಿಸಿಲಿನ ನೆರವಿಲ್ಲದಾಗ ದಿನಕ್ಕೆ 20 ಮೈಕ್ರೋಗ್ರಾಂ, ಎಂದರೆ 800 ಯೂನಿಟ್‌ಗಳಷ್ಟು ಬೇಕೆಂದು ಆ ದೇಶದ ಪೌಷ್ಟಿಕತಾ ಸಂಘ ನಿರ್ಧರಿಸಿದೆ. ದೋಣಿ ಪಂದ್ಯದಲ್ಲಿ ಶಿಕ್ಷೆಯಾಗಿ ಕುಡಿಸುವ ಮೀನೆಣ್ಣೆಯನ್ನು ಹಿಂದಿನ ಕಾಲದಲ್ಲಿ ಮಕ್ಕಳಿಗೆ ಚಮಚೆಯಲ್ಲಿ ಕೊಡುತ್ತಿದ್ದುದು ಇದೇ ಜೀವಸತ್ತ್ವಕ್ಕಾಗಿ. ಮಾತ್ರೆಯನ್ನು ವೈದ್ಯರ ಸಲಹೆಯಂತೆ ಸೇವಿಸಬೇಕು. ಅತಿಯಾದರೆ ಹಾನಿಯೂ ಉಂಟು.

ಮಾತ್ರೆಯಿಂದ ತೀರದ ಕೊರತೆ ಇನ್ನೊಂದಿದೆ. ಡೊಂಬಿವಲಿಯ ಒಬ್ಬ ವಿದ್ಯಾರ್ಥಿಯನ್ನು ಕಲ್ಪಿಸಿಕೊಳ್ಳಬಹುದು. ತಂದೆಯ ಹೆಸರಿನಲ್ಲಿ ಸಾಲವಿದೆ. ಶನಿವಾರ ಭಾನುವಾರಗಳಲ್ಲಿ ಉಗ್ರಾಣವೊಂದರಲ್ಲಿ ದುಡಿಯುತ್ತಾನೆ. ನವೆಂಬರಿನಲ್ಲಿ ಗೆಳೆಯರು ಕರೆದರೆ ಹೋಗಲಿಲ್ಲ. ಡಿಸೆಂಬರಿನಲ್ಲಿ ಅವರು ಕರೆಯುವುದನ್ನೇ ಬಿಟ್ಟರು. ಹಗಲು ನಿದ್ರೆ, ರಾತ್ರಿ ಎಚ್ಚರ. ಊಟ ರುಚಿಸುವುದಿಲ್ಲ, ಪುಸ್ತಕ ತೆರೆದರೆ ಅಕ್ಷರ ತಲೆಗೆ ಹತ್ತುವುದಿಲ್ಲ. ಮನೆಯಿಂದ ದೂರವಾಣಿ ಬಂದಾಗ ಮಾತ್ರ "ಎಲ್ಲ ಚೆನ್ನಾಗಿದೆ, ಅಮ್ಮ" ಎನ್ನುತ್ತಾನೆ. ಇವನು ಸೋಮಾರಿಯಲ್ಲ, ದಾರಿ ತಪ್ಪಿದವನೂ ಅಲ್ಲ. ಕಾಯಿಲೆಯ ಹೊಸ್ತಿಲಲ್ಲಿ ನಿಂತಿದ್ದಾನೆ. ಇಂಥ ಲಕ್ಷಣಗಳು ಎರಡು ವಾರ ಮೀರಿ ಉಳಿದರೆ ಅದನ್ನು ಜ್ವರದಂತೆಯೇ ಪರಿಗಣಿಸಿ ನೆರವು ಪಡೆಯಬೇಕು. ವಿದ್ಯಾರ್ಥಿ ಕಲ್ಯಾಣ ಸಂಸ್ಥೆಗಳು ಮನಸ್ಸಿನ ತೊಂದರೆಗಳಿಗೆ ಸಲಹೆ ನೀಡುವ ವ್ಯವಸ್ಥೆ ಇರಿಸಿವೆ. ಅಲ್ಲಿಗೆ ಹೋಗುವುದರಲ್ಲಿ ನಾಚಿಕೆಪಡುವಂಥದೇನೂ ಇಲ್ಲ. ನಡು ಹಗಲಿನಲ್ಲಿ, ಮೋಡವಿದ್ದರೂ ಸರಿಯೆ, ಅರ್ಧ ಗಂಟೆ ಹೊರಗೆ ನಡೆಯುವುದು ಮತ್ತು ವಾರಕ್ಕೊಮ್ಮೆ ನಾಲ್ವರೊಡನೆ ಕೂಡಿ ಹೋಗುವುದು ಅಲ್ಲಿಯವರೆಗೆ ಹೋಗದಂತೆ ಕಾಯುವ ಬೇಲಿ.

ಕಾಯಿಲೆ ಬಿದ್ದರೆ

ಮೂವತ್ತು ವಯಸ್ಸಿನೊಳಗಿನ ವಿದ್ಯಾರ್ಥಿಗಳಿಗೆ ಸಾರ್ವಜನಿಕ ಆರೋಗ್ಯ ವಿಮೆ ರಿಯಾಯಿತಿ ದರದಲ್ಲಿ ಸಿಗುತ್ತದೆ. ಅದರ ಕಾರ್ಡು ತೋರಿಸಿದರೆ ವೈದ್ಯರಿಗೆ ಬೇರೆ ಹಣ ಕೊಡಬೇಕಾಗಿಲ್ಲ. ಊರು ಸೇರಿದ ಮೊದಲ ತಿಂಗಳಲ್ಲಿಯೇ ಒಬ್ಬ ಕುಟುಂಬ ವೈದ್ಯರನ್ನು ಗೊತ್ತುಮಾಡಿಕೊಳ್ಳುವುದು ಜಾಣತನ. ನೆಗಡಿ ಜ್ವರಕ್ಕೆ ಅವರು ಬಹಳ ಸಲ ವಿಶ್ರಾಂತಿಯನ್ನೂ ಬಿಸಿ ಕಷಾಯವನ್ನೂ ಹೇಳಿ ಕಳುಹಿಸುತ್ತಾರೆ. ಅದನ್ನು ಉದಾಸೀನವೆಂದು ತಿಳಿಯಬಾರದು. ಚೀಟಿಯಿಲ್ಲದೆ ಪ್ರತಿಜೀವಕಗಳು ಅಂಗಡಿಯಲ್ಲಿ ದೊರೆಯುವುದಿಲ್ಲ. ವಯಸ್ಕರ ಕನ್ನಡಕಕ್ಕೆ ವಿಮೆ ಸಾಮಾನ್ಯವಾಗಿ ಅನ್ವಯಿಸದ ಕಾರಣ ಇಲ್ಲಿಂದಲೇ ಎರಡು ಜೊತೆ ಮಾಡಿಸಿಕೊಂಡು ಹೋಗಬೇಕು. ಹಲ್ಲುಗಳನ್ನೂ ಹೊರಡುವ ಮುನ್ನ ತೋರಿಸಿಕೊಳ್ಳಬೇಕು. ಪ್ರಾಣಾಪಾಯದ ಸಂದರ್ಭದಲ್ಲಿ 112, ರಾತ್ರಿ ಅಥವಾ ರಜೆಯ ದಿನ ವೈದ್ಯರು ಬೇಕಾದಾಗ 116117 ಸಂಖ್ಯೆಗೆ ಕರೆಮಾಡಬೇಕು.

ಹೆತ್ತವರ ಪಾಲು

ಚಳಿಗಾಲದಲ್ಲಿ ಮುಂಬಯಿಗೂ ಟ್ಯೂಬಿಂಗೆನ್‌ಗೂ ನಾಲ್ಕೂವರೆ ಗಂಟೆಗಳ ಅಂತರ. ಇಲ್ಲಿ ರಾತ್ರಿ ಒಂಬತ್ತಕ್ಕೆ ಊಟ ಮುಗಿಸಿ ತಾಯಿ ಕರೆಮಾಡುವ ಹೊತ್ತಿಗೆ ಅಲ್ಲಿ ಕತ್ತಲಾಗುತ್ತಿರುತ್ತದೆ. "ಊಟ ಆಯಿತೇನೋ? ಪರೀಕ್ಷೆ ಯಾವಾಗ?" ಎಂಬ ಎರಡು ಪ್ರಶ್ನೆಗಳಿಗೆ ಮಗ ಏನಾದರೊಂದು ಉತ್ತರ ಕೊಟ್ಟು ಮುಗಿಸಬಲ್ಲ. "ಈ ವಾರ ಎಲ್ಲಿಗೆ ಹೋಗಿದ್ದೆ? ಜೊತೆಗೆ ಯಾರಿದ್ದರು?" ಎಂದು ಮೂರನೆಯ ಪ್ರಶ್ನೆಯನ್ನು ಸೇರಿಸಿ ನೋಡಬೇಕು. ಮೂರು ವಾರ ಸತತವಾಗಿ "ಎಲ್ಲಿಗೂ ಇಲ್ಲ" ಎಂಬ ಉತ್ತರ ಬಂದರೆ ಅಂಕಪಟ್ಟಿಗಿಂತ ಮೊದಲು ಅದರ ಬಗ್ಗೆ ವಿಚಾರಿಸಬೇಕು. "ಹೋಗಿ ಬಾ, ಹಣದ ಯೋಚನೆ ಬೇಡ" ಎಂಬ ತಂದೆಯ ಒಂದು ಮಾತು ಅಂಥ ಹೊತ್ತಿನಲ್ಲಿ ಔಷಧಕ್ಕೆ ಸಮಾನ.

ಹಿರಿಯರು ಗಾದೆಯಲ್ಲಿ ಕೋಶ ಓದುವುದನ್ನೂ ದೇಶ ಸುತ್ತುವುದನ್ನೂ ಜೊತೆಯಾಗಿಯೇ ಇಟ್ಟರು. ಒಂದನ್ನು ಹೇಳಿ ಇನ್ನೊಂದನ್ನು ಬಿಡಲಿಲ್ಲ. ಮಕ್ಕಳನ್ನು ಬೀಳ್ಕೊಡುವಾಗ ಗಾದೆಯನ್ನು ಪೂರ್ತಿಯಾಗಿ ಹೇಳಿ ಕಳುಹಿಸುವುದು ಉಚಿತ.